ಸುಣ್ಣ ಒಣಗುವ ಮುನ್ನ

1418ರ ಆಗಸ್ಟ್‌ನಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಯೂರೋಪಿನ ಪುನರುಜ್ಜೀವನ ಕಾಲದ ಶುರುವಿನಲ್ಲಿ, ಒಂದು ಪ್ರಕಟಣೆ ಹೊರಟಿತು. ದೊಡ್ಡ ಚರ್ಚಿಗೆ ಗುಮ್ಮಟ ಕೂರಿಸುವ ಉಪಾಯ ಬಲ್ಲವರು ಮಾದರಿ ಮಾಡಿ ತರಲಿ, ಗೆದ್ದವರಿಗೆ 200 ಚಿನ್ನದ ಫ್ಲೋರಿನ್ ಬಹುಮಾನ. ಆ ಚರ್ಚಿಗೆ ಅಡಿಪಾಯ ಬಿದ್ದದ್ದು 1296ರಲ್ಲಿ. ಗೋಡೆಗಳು ಎದ್ದು, ಅವುಗಳ ಮೇಲೆ ಎಂಟು ಮೂಲೆಯ ಕತ್ತೂ ಎದ್ದು, ನೆಲದಿಂದ 50 ಮೀಟರಿಗೂ ಎತ್ತರದಲ್ಲಿ ಸುಮಾರು 44 ಮೀಟರ್ ಅಗಲದ ಬಾಯಿ ಆಕಾಶ ನೋಡುತ್ತಿತ್ತು. ಅಷ್ಟು ದೊಡ್ಡ ಗುಮ್ಮಟ ಬೇಕೆಂದು ಅಜ್ಜಂದಿರು ತೀರ್ಮಾನಿಸಿ ಹೋಗಿದ್ದರು. ಕಟ್ಟುವುದು ಹೇಗೆಂಬ ತಲೆನೋವು ಮೊಮ್ಮಕ್ಕಳ ಪಾಲಿಗೆ ಬಂತು.

ಕಮಾನು ಕಟ್ಟುವ ಮಾಮೂಲಿ ಕ್ರಮ ನಮ್ಮ ಗಾರೆಯವರಿಗೂ ಗೊತ್ತು. ಕೆಳಗಿನಿಂದ ಮರದ ಸೆಂಟ್ರಿಂಗ್ ಕೊಡು, ಮೇಲೆ ಕಲ್ಲೋ ಇಟ್ಟಿಗೆಯೋ ಜೋಡಿಸು, ಗಾರೆ ಬಿಗಿದ ಮೇಲೆ ಮರ ಬಿಚ್ಚು. ಇಲ್ಲಿ ಅದು ನಡೆಯುವಂತಿರಲಿಲ್ಲ. ಅಷ್ಟು ಉದ್ದದ ತೊಲೆಗಳನ್ನು ಅಷ್ಟು ಸಂಖ್ಯೆಯಲ್ಲಿ ಒದಗಿಸುವುದೇ ಕಷ್ಟ. ಒದಗಿದರೂ ವರ್ಷಗಟ್ಟಲೆ ಭಾರ ಹೊತ್ತ ಮರ ಬಾಗುತ್ತದೆ, ಮರ ಬಾಗಿದರೆ ಅದರ ಮೇಲಿನ ಗುಮ್ಮಟವೂ ಬಾಗಿದಂತೆಯೇ ಬಿಗಿಯುತ್ತದೆ. ಸೆಂಟ್ರಿಂಗ್ ಇಲ್ಲದೆಯೇ ಕಟ್ಟುತ್ತೇನೆ ಎಂದು ಮುಂದೆ ಬಂದವನು ಫಿಲಿಪ್ಪೊ ಬ್ರುನೆಲೆಸ್ಕಿ. ಕಸುಬಿನಿಂದ ಅಕ್ಕಸಾಲಿ.

ಅವನ ಉಪಾಯ ಒಂದಲ್ಲ, ಒಂದಕ್ಕೊಂದು ಹೆಣೆದುಕೊಂಡ ನಾಲ್ಕೈದು. ಒಂದರ ಬದಲು ಎರಡು ಚಿಪ್ಪು: ಒಳಗಿನದು ಸುಮಾರು 2 ಮೀಟರ್ ದಪ್ಪ, ಹೊರಗಿನದು 1 ಮೀಟರಿಗೂ ಕಡಿಮೆ, ನಡುವಿನ ಪೊಳ್ಳಿನಲ್ಲಿ ಮೆಟ್ಟಿಲು. ಎರಡನ್ನೂ ಹಿಡಿದಿಡಲು 24 ಪಕ್ಕೆಲುಬು: ಮೂಲೆಗಳಲ್ಲಿ 8, ನಡುವೆ 16. ಗುಮ್ಮಟದ ಬುಡ ಹೊರಕ್ಕೆ ಉಬ್ಬಿ ಬಿರಿಯದಿರಲು ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಸುತ್ತಲೂ ಸರಪಳಿಗಳು. ಇವು ಕಬ್ಬಿಣದ ಕೊಕ್ಕೆಯಿಂದ ಜೋಡಿಸಿದ ಮರಳುಗಲ್ಲಿನ ತೊಲೆಗಳು, ಜೊತೆಗೆ ಮರದ್ದೊಂದು. ದುಂಡು ಗುಮ್ಮಟವಾದರೆ ಒಂದೊಂದು ಸುತ್ತು ಮುಗಿದಾಗಲೂ ಅದು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಎಂಟು ಮೂಲೆಯದ್ದಕ್ಕೆ ಆ ಗುಣವಿಲ್ಲ. ಅದಕ್ಕೇ ಒಳಚಿಪ್ಪಿನ ದಪ್ಪದೊಳಗೇ ಎಲ್ಲೂ ತುಂಡಾಗದ ಒಂದು ದುಂಡು ಬಳೆ ಅಡಗಿ ಕೂರುವ ಹಾಗೆ ಅಳತೆ ಹಿಡಿದ.

ಎಲ್ಲಕ್ಕಿಂತ ಜಾಣತನದ್ದು ಇಟ್ಟಿಗೆಯ ಜೋಡಣೆ. ಮೇಲೆ ಹೋದಂತೆ ವರಸೆ ಒಳಕ್ಕೆ ವಾಲುತ್ತದೆ, ಹಸಿ ಗಾರೆಯ ಮೇಲಿಟ್ಟ ಇಟ್ಟಿಗೆ ಜಾರಿ ಬೀಳುತ್ತದೆ. ಬ್ರುನೆಲೆಸ್ಕಿ ಕೆಲವು ಅಡ್ಡ ಇಟ್ಟಿಗೆಗಳಿಗೊಮ್ಮೆ ಒಂದನ್ನು ನೆಟ್ಟಗೆ ನಿಲ್ಲಿಸಿದ. ನೆಟ್ಟಗಿನದರ ಬುಡ ಆಗಲೇ ಬಿಗಿದ ಹಳೆಯ ವರಸೆಯಲ್ಲಿ ಹೂತಿರುತ್ತದೆ, ತಲೆ ಹೊಸ ವರಸೆಯೊಳಗೆ ಎದ್ದಿರುತ್ತದೆ. ಎರಡು ಗೂಟಗಳ ನಡುವೆ ಸಿಕ್ಕಿಸಿದಂತೆ ಅಡ್ಡ ಇಟ್ಟಿಗೆಗಳು ಗಾರೆ ಬಿಗಿಯುವ ತನಕ ಅಲ್ಲಾಡದೆ ಕೂರುತ್ತವೆ. ಹೀಗೆ ಹತ್ತುತ್ತ ಹೋದ ಸಾಲು ದೂರದಿಂದ ಮೀನಿನ ಮುಳ್ಳಿನ ಹಾಗೆ ಕಾಣುತ್ತದೆ, ಇಟಲಿಯಲ್ಲಿ ಅದಕ್ಕೆ ಹೆಸರೂ ಮೀನಮುಳ್ಳೇ. ಸುಮಾರು 40 ಲಕ್ಷ ಇಟ್ಟಿಗೆ ಎಂಬ ಅಂದಾಜಿದೆ. ಸಾಮಾನು ಮೇಲೇರಿಸಲು ಅವನು ಮಾಡಿಸಿದ ಎತ್ತಿನ ರಾಟೆಯಲ್ಲಿ ಒಂದು ತಿರುಪು ಇತ್ತು. ಅದನ್ನು ತಿರುಗಿಸಿದರೆ ನಿಂತ ಕಂಬ ಮೇಲೋ ಕೆಳಗೋ ಸರಿದು ಬೇರೆ ಹಲ್ಲುಚಕ್ರಕ್ಕೆ ಕಚ್ಚಿಕೊಳ್ಳುತ್ತಿತ್ತು. ಎತ್ತುಗಳ ನೊಗ ಬಿಚ್ಚಿ ತಿರುಗಿಸುವ ಗೋಜಿಲ್ಲ. ಅವು ಒಂದೇ ದಿಕ್ಕಿಗೆ ಸುತ್ತುತ್ತಿದ್ದರೂ ಭಾರ ಏರುತ್ತಿತ್ತು, ಬೇಕೆಂದಾಗ ಇಳಿಯುತ್ತಿತ್ತು. 1420ರಲ್ಲಿ ಹಿಡಿದ ಕೆಲಸ 1436ರಲ್ಲಿ ಮುಗಿಯಿತು. ಇದೇ ಮನುಷ್ಯ ಅಮೃತಶಿಲೆ ಸಾಗಿಸಲೆಂದು ಒಂದು ದೋಣಿ ಕಂಡುಹಿಡಿದು, 1421ರಲ್ಲಿ ನಗರದಿಂದ ಮೂರು ವರ್ಷದ ಏಕಸ್ವಾಮ್ಯ ಪಡೆದ. ಪೇಟೆಂಟಿನ ಇತಿಹಾಸ ಬರೆಯುವವರು ಅಲ್ಲಿಂದಲೇ ಶುರುಮಾಡುತ್ತಾರೆ. ದೋಣಿ ಮಾತ್ರ ಅಮೃತಶಿಲೆಯ ಸಮೇತ ಆರ್ನೊ ನದಿಯಲ್ಲಿ ಮುಳುಗಿತು.

ಶಾಲೆಯಲ್ಲಿ ಪುನರುಜ್ಜೀವನಕ್ಕೆ ಕಾರಣಗಳೇನು ಎಂಬ ಪ್ರಶ್ನೆಗೆ ಮೊದಲ ಉತ್ತರ ಬಾಯಿಪಾಠ: 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು, ಗ್ರೀಕ್ ವಿದ್ವಾಂಸರು ಪುಸ್ತಕ ಹೊತ್ತು ಇಟಲಿಗೆ ಓಡಿಬಂದರು. ಅಂಕ ಸಿಗುತ್ತದೆ, ಲೆಕ್ಕ ಕೂಡುವುದಿಲ್ಲ. ಗುಮ್ಮಟ ಮುಗಿದದ್ದು ಅದಕ್ಕೆ 17 ವರ್ಷ ಮೊದಲು. ಕಾನ್‌ಸ್ಟಾಂಟಿನೋಪಲ್‌ನ ಮಾನುಯೆಲ್ ಕ್ರಿಸೊಲೊರಾಸ್ ಫ್ಲಾರೆನ್ಸಿನಲ್ಲಿ ಗ್ರೀಕ್ ಪಾಠ ಶುರುಮಾಡಿದ್ದು 1397ರಲ್ಲಿ, ಓಡಿಬಂದಲ್ಲ, ಸಂಬಳ ಕೊಟ್ಟು ಕರೆಸಿದ್ದಕ್ಕೆ ಬಂದು. 1453 ನೀರು ಹೆಚ್ಚಿಸಿರಬಹುದು, ಹೊಳೆ ಆಗಲೇ ಹರಿಯುತ್ತಿತ್ತು. (ಪುನರುಜ್ಜೀವನಕ್ಕೆ ನವೋದಯ ಎಂದೂ ಕರೆಯುವುದುಂಟು. ಆ ಪದ ನಮ್ಮನ್ನು ನೇರ ಬಿ.ಎಂ.ಶ್ರೀ, ಕುವೆಂಪು, ಬೇಂದ್ರೆಯವರ ಕಡೆ ಒಯ್ಯುವುದರಿಂದ ಇಲ್ಲಿ ಬಳಸಿಲ್ಲ.) ನನ್ನ ಮಟ್ಟಿಗೆ ಮುಖ್ಯವಾದ ಸಂಗತಿ ಬೇರೆ. ಹಳೆಯ ಪುಸ್ತಕ ಹುಡುಕುವವರೂ ಕೈಯಲ್ಲಿ ಕರಣೆ, ಉಳಿ, ಕತ್ತಿ ಹಿಡಿದವರೂ ಒಂದೇ ಊರಿನ ಬೀದಿಗಳಲ್ಲಿ ಎದುರಾಗತೊಡಗಿದರು. ಪುಸ್ತಕದ ಮಾತನ್ನು ಗೋಡೆಯ ಮೇಲೆ, ಗಿಡದ ಮೇಲೆ, ಹೆಣದ ಮೇಲೆ ಇಟ್ಟು ನೋಡುವ ಚಾಳಿ ಬಿದ್ದದ್ದು ಅಲ್ಲಿ.

ಪುಸ್ತಕ ಹುಡುಕುವವರಲ್ಲಿ ಪೊಜ್ಜೊ ಬ್ರಾಚ್ಚೊಲೀನಿ ಎಂಬುವನದು ದೊಡ್ಡ ಹೆಸರು. ಪೋಪನ ಕಚೇರಿಯಲ್ಲಿ ಬರಹಗಾರ. ಕಾನ್‌ಸ್ಟಾನ್ಸ್ ಊರಿನಲ್ಲಿ ಚರ್ಚಿನ ಮಹಾಸಭೆ ನಡೆಯುತ್ತಿದ್ದಾಗ ಸುತ್ತಲಿನ ಮಠಗಳ ಕಪಾಟು ಜಾಲಾಡಿದ. 1416ರಲ್ಲಿ ಸೇಂಟ್ ಗಾಲ್ ಮಠದಲ್ಲಿ ಕ್ವಿಂಟಿಲಿಯನ್ನನ ಭಾಷಣಶಾಸ್ತ್ರದ ಪೂರ್ಣ ಪ್ರತಿ ಸಿಕ್ಕಿತು. ಮರುವರ್ಷ ಜರ್ಮನಿಯ ಒಂದು ಮಠದಲ್ಲಿ, ಜಗತ್ತು ಅಣುಗಳಿಂದಾದದ್ದು ಎಂದು ಹಾಡುವ ಲುಕ್ರೀಷಿಯಸ್‌ನ ಲ್ಯಾಟಿನ್ ಕಾವ್ಯ. ಪೊಜ್ಜೊನ ಅಕ್ಷರವೂ ಹುಡುಕಾಟದಷ್ಟೇ ಮುಖ್ಯ. ಆಗಿನ ಒತ್ತೊತ್ತಾದ ಮೊನಚು ಲಿಪಿ ಬಿಟ್ಟು, ಹಳೆಯ ಹಸ್ತಪ್ರತಿಗಳಲ್ಲಿ ಕಂಡ ದುಂಡನೆಯ ಬಿಡಿ ಅಕ್ಷರಗಳನ್ನು ಪ್ರಾಚೀನ ರೋಮಿನವೆಂದು ನಂಬಿ, ಅನುಕರಿಸಿ ಬರೆದ. ಅವು ರೋಮನ್ನರವಾಗಿರಲಿಲ್ಲ, ಅವನಿಗಿಂತ ಐನೂರು ಆರುನೂರು ವರ್ಷ ಹಿಂದೆ, ಚಕ್ರವರ್ತಿ ಶಾರ್ಲಮಾನ್ ಕಾಲದಲ್ಲಿ ರೂಪುಗೊಂಡ ಲಿಪಿಯವು. 1470ರಲ್ಲಿ ವೆನಿಸ್ಸಿನ ಮುದ್ರಕ ನಿಕೊಲಾ ಜೆನ್ಸನ್ ಅದೇ ಬಗೆಯ ಅಕ್ಷರವನ್ನು ಲೋಹಕ್ಕೆ ಇಳಿಸಿದ. ಇವತ್ತು ಇಂಗ್ಲಿಷ್ ಟೈಪು ಮಾಡುವಾಗ ಪರದೆಯ ಮೇಲೆ ಮೂಡುವ ಸಣ್ಣಕ್ಷರಗಳು ಆ ತಪ್ಪು ತಿಳಿವಳಿಕೆಯ ಸಂತಾನ.

ಈ ಪೊಜ್ಜೊಗೂ ನಮಗೂ ಒಂದು ನಂಟಿದೆ. ವೆನಿಸ್ ಕಡೆಯ ವ್ಯಾಪಾರಿ ನಿಕೊಲೊ ಕೊಂತಿ ಸುಮಾರು 25 ವರ್ಷ ಪೂರ್ವದೇಶಗಳಲ್ಲಿ ಅಲೆದು, 1420ರ ಆಸುಪಾಸಿನಲ್ಲಿ ವಿಜಯನಗರವನ್ನೂ ಕಂಡಿದ್ದ. ದಾರಿಯಲ್ಲಿ ಜೀವಭಯದಿಂದ ಧರ್ಮ ಬಿಟ್ಟಿದ್ದ ಅವನು ಹಿಂದಿರುಗಿ ಪೋಪನಲ್ಲಿ ಕ್ಷಮೆ ಕೇಳಿದ. ಅವನು ಹೇಳಿದ್ದನ್ನು ಬರೆದುಕೊಂಡವನು ಪೊಜ್ಜೊ. ವಿಜಯನಗರದ ಸುತ್ತಳತೆ 60 ಮೈಲಿ, ಆಯುಧ ಹಿಡಿಯಬಲ್ಲವರು 90,000 ಎಂಬ, ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಲೆಕ್ಕ ಅಲ್ಲಿಯದು. ದಾರಿಬದಿಯಲ್ಲಿ ಇಟ್ಟ ಕೇಸರಿ ನೀರನ್ನು ರಾಜ ರಾಣಿ ಎನ್ನದೆ ಎಲ್ಲರ ಮೇಲೂ ಎರಚುವ ಮೂರು ದಿನದ ಹಬ್ಬದ ವಿವರವೂ ಅಲ್ಲಿದೆ. ಹಂಪೆಯ ಓಕುಳಿಯನ್ನು ಲ್ಯಾಟಿನ್ನಿನಲ್ಲಿ ಬರೆದಿಟ್ಟವನು ಲುಕ್ರೀಷಿಯಸ್‌ನನ್ನು ಹುಡುಕಿ ತೆಗೆದವನೇ ಎಂಬುದು ನಮ್ಮಲ್ಲಿ ಅಷ್ಟಾಗಿ ಯಾರೂ ಹೇಳದ ಮಾತು.

ಚಿತ್ರಕಲೆಗೆ ಬರೋಣ. ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆಂಬುದು ಯಾವ ಕಾಲದ ಚಿತ್ರಕಾರನಿಗೂ ಹೊಸದಲ್ಲ. ಎಷ್ಟು ಚಿಕ್ಕದು ಎಂಬ ಲೆಕ್ಕ ಇರಲಿಲ್ಲ. ಬ್ರುನೆಲೆಸ್ಕಿಯೇ ಒಂದು ಹಲಗೆಯ ಮೇಲೆ ಚರ್ಚಿನೆದುರಿನ ಎಂಟು ಮೂಲೆಯ ಕಟ್ಟಡವನ್ನು ಬರೆದು, ಹಲಗೆಗೆ ತೂತು ಕೊರೆದು, ಹಿಂದಿನಿಂದ ಕಣ್ಣಿಟ್ಟು ಎದುರು ಹಿಡಿದ ಕನ್ನಡಿಯಲ್ಲಿ ಚಿತ್ರ ನೋಡುವ ಏರ್ಪಾಡು ಮಾಡಿದ್ದ. ತೂತು ಚಿತ್ರದ ಕಡೆ ಬೇಳೆಯಷ್ಟು, ಹಿಂದಿನ ಕಡೆ ನಾಣ್ಯದಷ್ಟು. ಆಕಾಶದ ಜಾಗಕ್ಕೆ ಬಣ್ಣ ಬಳಿಯದೆ ಮಿರುಗುವ ಬೆಳ್ಳಿ ಅಂಟಿಸಿದ್ದರಿಂದ ನಿಜವಾದ ಮೋಡವೇ ಅದರಲ್ಲಿ ಹಾದುಹೋಗುತ್ತಿತ್ತು. ಹಲಗೆ ಉಳಿದಿಲ್ಲ, ಅವನ ಜೀವನಚರಿತ್ರೆ ಬರೆದವನ ವರ್ಣನೆ ಉಳಿದಿದೆ.

ಇದನ್ನು ಯಾರು ಬೇಕಾದರೂ ಕಲಿಯಬಹುದಾದ ವಿಧಾನವಾಗಿ 1435ರಲ್ಲಿ ಬರೆದವನು ಲಿಯೊನ್ ಬಟಿಸ್ಟಾ ಆಲ್ಬರ್ಟಿ. ಚಿತ್ರದ ಚೌಕಟ್ಟನ್ನು ಕಿಟಕಿ ಅಂದುಕೊಳ್ಳಿ. ಅದರಲ್ಲಿ ಮುಂದೆ ನಿಲ್ಲುವ ಮನುಷ್ಯ ಎಷ್ಟೆತ್ತರವೆಂದು ನಿರ್ಧರಿಸಿ, ಆ ಎತ್ತರವನ್ನು ಮೂರು ಪಾಲು ಮಾಡಿ. ಒಂದು ಪಾಲು ಒಂದು ಬ್ರಾಚ್ಚೊ, ಅಂದರೆ ತೋಳು. ಫ್ಲಾರೆನ್ಸಿನ ತೋಳು ನಮ್ಮ ಮೊಳಕ್ಕಿಂತ ಉದ್ದ, ಸುಮಾರು 58 ಸೆಂಟಿಮೀಟರ್. ಕೆಳಗಿನ ಗೆರೆಯನ್ನು ಅದೇ ಅಳತೆಯಲ್ಲಿ ಭಾಗ ಮಾಡಿ. ಮನುಷ್ಯನ ತಲೆಯ ಮಟ್ಟದಲ್ಲಿ ಒಂದು ಚುಕ್ಕೆ ಇಟ್ಟು, ಕೆಳಗಿನ ಪ್ರತಿ ಗುರುತಿನಿಂದಲೂ ಅದಕ್ಕೆ ಗೆರೆ ಎಳೆಯಿರಿ. ನೆಲದ ಕಲ್ಲುಚಪ್ಪಡಿಗಳ ಉದ್ದಗೆರೆ ಸಿಕ್ಕಿತು.

ಕಷ್ಟವಿರುವುದು ಅಡ್ಡಗೆರೆಗಳಲ್ಲಿ. ಆಗಿನ ಅನೇಕರು ಮೊದಲ ಅಂತರದ ಮೂರರಲ್ಲಿ ಎರಡು ಪಾಲು ಎರಡನೆಯದಕ್ಕೆ, ಅದರ ಮೂರರಲ್ಲಿ ಎರಡು ಪಾಲು ಮೂರನೆಯದಕ್ಕೆ ಎಂದು ಇಳಿಸುತ್ತ ಹೋಗುತ್ತಿದ್ದರು. ಆಲ್ಬರ್ಟಿ ಇದನ್ನು ತಪ್ಪು ಅನ್ನುತ್ತಾನೆ. ಏಕೆಂದರೆ ನೋಡುವವನು ಎಷ್ಟು ದೂರ ನಿಂತಿದ್ದಾನೆ ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅವನ ಕ್ರಮದಲ್ಲಿ ಬೇರೊಂದು ಕಾಗದದ ಮೇಲೆ ಪಕ್ಕದ ನೋಟ ಬರೆದು, ಕಣ್ಣಿನಿಂದ ನೆಲದ ಗುರುತುಗಳಿಗೆ ದಾರ ಎಳೆದಂತೆ ಗೆರೆ ಹಾಕಿ, ಅವು ಕಿಟಕಿಯನ್ನು ಎಲ್ಲೆಲ್ಲಿ ಕಡಿಯುತ್ತವೋ ಆ ಎತ್ತರಗಳನ್ನು ಚಿತ್ರಕ್ಕೆ ತರಬೇಕು. ಕಣ್ಣು ನೆಲದಿಂದ 3 ತೋಳು ಎತ್ತರ, ಕಿಟಕಿಯಿಂದ 6 ತೋಳು ದೂರ ಎಂದಿಟ್ಟುಕೊಳ್ಳಿ. ಮೊದಲ ನಾಲ್ಕು ಅಡ್ಡಗೆರೆಗಳು 0.43, 0.75, 1.00, 1.20 ತೋಳು ಎತ್ತರದಲ್ಲಿ ಬರುತ್ತವೆ. ಅಂತರಗಳ ಅನುಪಾತ ಮೊದಲು 0.75, ಆಮೇಲೆ 0.78, ಆಮೇಲೆ 0.80. ಒಂದೇ ಸಮನಾಗಿರುವುದೇ ಇಲ್ಲ. ಸರಿಯಾಯಿತೋ ಇಲ್ಲವೋ ನೋಡಲು ಒಂದು ಚಪ್ಪಡಿಯ ಮೂಲೆಯಿಂದ ಎದುರು ಮೂಲೆಗೆ ಹಾಕಿದ ಗೆರೆಯನ್ನು ಹಾಗೇ ಮುಂದುವರಿಸಿ. ಮುಂದಿನ ಚಪ್ಪಡಿಗಳ ಮೂಲೆಗಳೂ ಅದೇ ನೇರ ಗೆರೆಯ ಮೇಲೆ ಬಿದ್ದರೆ ಸರಿ. ಮೂರನೇ ಎರಡರ ಲೆಕ್ಕದಲ್ಲಿ ಅದು ಸೊಟ್ಟಗಾಗುತ್ತದೆ. ಇದರ ಬೇರು ಗ್ರೀಕರಲ್ಲಿ ಮಾತ್ರವಲ್ಲ, ಕೈರೋದಲ್ಲಿ ಬಾಳಿದ ಇಬ್ನ್ ಅಲ್ ಹೈಥಮ್‌ನ ದೃಷ್ಟಿಶಾಸ್ತ್ರದಲ್ಲೂ ಇದೆ. ಬೆಳಕು ವಸ್ತುವಿನಿಂದ ಹೊರಟು ನೇರಗೆರೆಯಲ್ಲಿ ಕಣ್ಣಿಗೆ ಬರುತ್ತದೆಂಬ ಅವನ ಗ್ರಂಥ ಲ್ಯಾಟಿನ್ನಿಗೆ ಆಗಲೇ ಬಂದಿತ್ತು.

ಆಲ್ಬರ್ಟಿ ಬರೆಯುವ ಮೊದಲೇ, 1427ರ ಹೊತ್ತಿಗೆ, ಮಸಾಚ್ಚೊ ಎಂಬ ಯುವಕ ಸಾಂತಾ ಮರೀಯ ನೊವೆಲ್ಲಾ ಚರ್ಚಿನ ಗೋಡೆಯಲ್ಲಿ ಕಮಾನು ಚಾವಣಿಯ ಒಂದು ಕೋಣೆಯನ್ನೇ ಬರೆದಿದ್ದ. ಗಾರೆಯ ಮೇಲೆ ಗೀರುಗಳು, ದಾರ ಒತ್ತಿದ ಗುರುತುಗಳು ಈಗಲೂ ಇವೆ. ಗೆರೆಗಳೆಲ್ಲ ಕೂಡುವ ಜಾಗ ನೋಡುವವರ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಮರುವರ್ಷ ಅವನು ತೀರಿಕೊಂಡ, ಮೂವತ್ತೂ ತುಂಬಿರಲಿಲ್ಲ.

ಹಸಿ ಗಾರೆಯ ಚಿತ್ರದ ಬಗ್ಗೆ ಎರಡು ಮಾತು ಹೇಳಲೇಬೇಕು, ಆ ಕಾಲದ ಶಿಸ್ತು ಅರ್ಥವಾಗುವುದು ಅದರಲ್ಲೇ. ಅರಳಿಸಿದ ಸುಣ್ಣವನ್ನು ತಿಂಗಳುಗಟ್ಟಲೆ ಗುಂಡಿಯಲ್ಲಿ ಮಾಗಿಸಬೇಕು, ಇಲ್ಲವಾದರೆ ಅರಳದೆ ಉಳಿದ ಹರಳು ಗೋಡೆಯೊಳಗೆ ಅರಳಿ ಚಿತ್ರವನ್ನು ಸಿಡಿಸುತ್ತದೆ. ಎರಡು ಪಾಲು ಮರಳಿಗೆ ಒಂದು ಪಾಲು ಸುಣ್ಣ ಸೇರಿಸಿದ ಒರಟು ಗಾರೆ ಮೊದಲು. ಅದರ ಮೇಲೆ ಕೆಮ್ಮಣ್ಣಿನಿಂದ ಚಿತ್ರದ ರೂಪುರೇಖೆ. ಆಮೇಲೆ ನುಣ್ಣನೆಯ ತೆಳು ಗಾರೆ, ಅದೂ ಆ ದಿನ ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ. ಕೆಳಗಿನ ರೇಖೆ ಮುಚ್ಚಿಹೋಗುವುದರಿಂದ ಕಾಗದದ ಮೇಲೆ ಬರೆದ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಗೋಡೆಗೆ ಹಿಡಿದು ಇದ್ದಿಲ ಪುಡಿಯ ಗಂಟಿನಿಂದ ತಟ್ಟುತ್ತಿದ್ದರು. ನಮ್ಮ ತೂತಿನ ರಂಗೋಲಿ ಅಚ್ಚಿನದೇ ತತ್ವ. ಬಣ್ಣಕ್ಕೆ ಅಂಟು ಬೇಡ, ನೀರು ಸಾಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹಸಿಯಲ್ಲಿ ಗಾಢ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಅದನ್ನು ಮೊದಲೇ ಊಹಿಸಿ ಬಳಿಯಬೇಕು. ಬೆಳಿಗ್ಗೆ ಮೆತ್ತಿದ್ದು ಸಂಜೆಯೊಳಗೆ ಮುಗಿಯಬೇಕು. ತಪ್ಪಿದರೆ ಗಾರೆ ಕೆತ್ತಿ ಎಸೆದು ಮತ್ತೆ ಮೊದಲಿನಿಂದ.

ಈ ಅವಸರ ಲಿಯೊನಾರ್ಡೊಗೆ ಒಗ್ಗಲಿಲ್ಲ. ಮಿಲಾನಿನಲ್ಲಿ ಯೇಸುವಿನ ಕೊನೆಯ ಊಟದ ಚಿತ್ರವನ್ನು 1495ರ ಸುಮಾರಿನಿಂದ 1498ರವರೆಗೆ ಒಣಗೋಡೆಯ ಮೇಲೆ, ಹಲಗೆಯ ಮೇಲೆ ಬರೆದ ಹಾಗೆ ನಿಧಾನವಾಗಿ, ತಿದ್ದಿ ತೀಡಿ ಬರೆದ. ಬಣ್ಣ ಸುಣ್ಣದೊಳಗೆ ಇಳಿಯಲಿಲ್ಲ, ಮೇಲೆಯೇ ಕೂತಿತು, ಗೋಡೆಯ ತೇವಕ್ಕೆ ಅವನು ಬದುಕಿರುವಾಗಲೇ ಹೊಪ್ಪಳಿಕೆ ಏಳತೊಡಗಿತು. ಕೊನೆಯ ದುರಸ್ತಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿದು 1999ರಲ್ಲಿ ಮುಗಿಯಿತು. ಮೈಕೆಲಾಂಜೆಲೊ 1508ರಲ್ಲಿ ರೋಮಿನ ಸಿಸ್ಟೀನ್ ಚಾವಣಿಗೆ ಕೈಹಾಕಿದಾಗ ಶುರುವಿನಲ್ಲೇ ಗಾರೆಗೆ ಬೂಷ್ಟು ಹಿಡಿಯಿತು. ರೋಮಿನ ಸುಣ್ಣ, ಅಲ್ಲಿನ ಜ್ವಾಲಾಮುಖಿಯ ಬೂದಿಮಣ್ಣು, ನೀರು ಹೆಚ್ಚಾದ ಕಲಸು, ಇವು ಅವನ ಊರಿನ ಸುಣ್ಣ ಮರಳಿನ ಹಾಗೆ ನಡೆದುಕೊಳ್ಳಲಿಲ್ಲ. ಕಲಸುವ ಹದ ತಿದ್ದಿಕೊಂಡು ಮುಂದುವರಿದ, 1512ಕ್ಕೆ ಮುಗಿಸಿದ.

ವಿಚಾರದ ಲೋಕದಲ್ಲಿ ಇಷ್ಟೇ ನಾಜೂಕಿನ ಕೈಕೆಲಸ ಮಾಡಿದವನು ಲೊರೆಂಜೊ ವಾಲ್ಲಾ. ನಾಲ್ಕನೆಯ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನ್ ಪಶ್ಚಿಮದ ರಾಜ್ಯವನ್ನೆಲ್ಲ ಪೋಪನಿಗೆ ದಾನ ಕೊಟ್ಟನೆಂಬ ಒಂದು ಪತ್ರ ಶತಮಾನಗಳಿಂದ ಚಲಾವಣೆಯಲ್ಲಿತ್ತು. ವಾಲ್ಲಾ 1440ರಲ್ಲಿ ಅದರ ಭಾಷೆಗೆ ಕೈಹಾಕಿದ. ರೋಮಿನ ಆಡಳಿತದಲ್ಲಿ ಇಲ್ಲದ, ಪರ್ಷಿಯಾದ ಪ್ರಾಂತಾಧಿಕಾರಿಗಳಾದ ‘ಸತ್ರಪ’ರು ಇದರಲ್ಲಿ ಎಲ್ಲಿಂದ ಬಂದರು? ಕಾನ್‌ಸ್ಟಾಂಟಿನೋಪಲ್ ಇನ್ನೂ ಕಟ್ಟಿಯೇ ಇಲ್ಲದಾಗ ಅದರ ಧರ್ಮಪೀಠದ ಮಾತು ಹೇಗೆ ಬಂತು? ಲ್ಯಾಟಿನ್ ಕೂಡ ಆ ಕಾಲದ್ದಲ್ಲ. ಪತ್ರ ಖೊಟ್ಟಿ. (ಅವನ ಒಡೆಯ, ನೇಪಲ್ಸಿನ ಅಲ್ಫೊನ್ಸೊಗೆ ಆಗ ಪೋಪನೊಡನೆ ಜಗಳವಿತ್ತು. ಸತ್ಯ ಕೆಲವೊಮ್ಮೆ ಹೀಗೆ ಬಾಡಿಗೆ ಗಾಡಿಯಲ್ಲಿ ಬರುತ್ತದೆ.) ನಮ್ಮಲ್ಲಿ ಶಾಸನತಜ್ಞ ಫ್ಲೀಟ್ ಗಂಗರ ಹಲವು ತಾಮ್ರಶಾಸನಗಳನ್ನು ಕೂಟಶಾಸನಗಳೆಂದು ತಳ್ಳಿಹಾಕಿದ್ದೂ ಇದೇ ಜಾತಿಯ ವಾದದಿಂದ: ತೇದಿ ಹೊಂದುವುದಿಲ್ಲ, ಲಿಪಿ ಆ ಕಾಲದ್ದಲ್ಲ.

ಅಚ್ಚಿನ ಕತೆ ಎಲ್ಲರಿಗೂ ಗೊತ್ತು, ಹೆಚ್ಚು ಎಳೆಯುವುದಿಲ್ಲ. ಸುಮಾರು 1455ರಲ್ಲಿ ಮೈಂಜ್‌ನಲ್ಲಿ ಗುಟೆನ್‌ಬರ್ಗ್ ಬೈಬಲ್ ಮುಗಿಸಿದ. ಅಚ್ಚುಮೊಳೆಗೆ ಸೀಸ, ತವರ, ಆಂಟಿಮನಿ: ಬರೀ ಸೀಸ ಮೆತ್ತಗೆ, ಒತ್ತಿದರೆ ಚಪ್ಪಟೆಯಾಗುತ್ತದೆ. ನೀರಿನ ಮಸಿ ಲೋಹದ ಮೇಲೆ ಹನಿಗಟ್ಟುವುದರಿಂದ ಎಣ್ಣೆಯ ಮಸಿ. ವಿಜ್ಞಾನಕ್ಕೆ ಇದರಿಂದಾದ ದೊಡ್ಡ ಲಾಭ ಅಕ್ಷರಕ್ಕಿಂತ ಚಿತ್ರದ್ದು. ಕೈಯಿಂದ ಕೈಗೆ ನಕಲಾದ ಗಿಡದ ಚಿತ್ರ ಹತ್ತನೆಯ ನಕಲಿಗೆ ಗುರುತು ಸಿಗುವುದಿಲ್ಲ. ಮರದ ಅಚ್ಚಿನಿಂದ ತೆಗೆದ ಸಾವಿರ ಪ್ರತಿಯಲ್ಲೂ ಎಲೆಗೆ ಅಷ್ಟೇ ಹಲ್ಲು. 1492ರಲ್ಲಿ ಫೆರಾರಾದ ವೈದ್ಯ ಲಿಯೊನಿಚೆನೊ, ಪ್ರಾಚೀನ ರೋಮಿನ ಪ್ಲಿನಿಯ ಪುಸ್ತಕದಲ್ಲಿ ಔಷಧಿಗಿಡಗಳ ಬಗ್ಗೆ ತಪ್ಪುಗಳಿವೆ ಎಂದು ಬರೆದಾಗ ಗಲಾಟೆಯೆದ್ದಿತು: ತಪ್ಪು ಪ್ಲಿನಿಯದೋ ನಕಲುಗಾರನದೋ? ಪುಸ್ತಕಕ್ಕೆ ಪುಸ್ತಕ ಹೋಲಿಸಿ ಬಗೆಹರಿಯದೆ ಕೊನೆಗೆ ಗಿಡವನ್ನೇ ನೋಡಬೇಕಾಯಿತು. 1545ರಲ್ಲಿ ಪಾದುವಾ ವಿಶ್ವವಿದ್ಯಾಲಯಕ್ಕಾಗಿ ನೆಟ್ಟ ಗಿಡಮೂಲಿಕೆಯ ತೋಟ ಇಂದಿಗೂ ಅದೇ ಜಾಗದಲ್ಲಿದೆ.

ಅದೇ ಪಾದುವಾದಲ್ಲಿ ಆಂಡ್ರಿಯಾಸ್ ವೆಸೇಲಿಯಸ್ ಅಂಗರಚನೆ ಕಲಿಸುತ್ತಿದ್ದ. ಹಳೆಯ ಪದ್ಧತಿಯಲ್ಲಿ ಪ್ರಾಧ್ಯಾಪಕ ಎತ್ತರದ ಪೀಠದಲ್ಲಿ ಕೂತು ಲ್ಯಾಟಿನ್ ಓದುತ್ತಿದ್ದ, ಕೆಳಗೆ ಕ್ಷೌರಿಕ ಶಸ್ತ್ರವೈದ್ಯ ಹೆಣ ಕೊಯ್ಯುತ್ತಿದ್ದ, ಮೂರನೆಯವನು ಕೋಲಿನಿಂದ ತೋರಿಸುತ್ತಿದ್ದ. ಓದುವವನು ನೋಡುತ್ತಿರಲಿಲ್ಲ, ಕೊಯ್ಯುವವನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಕೆಲಸವೆಲ್ಲ ಚಳಿಗಾಲದಲ್ಲಿ. ಬೇಗ ಕೊಳೆಯುವ ಹೊಟ್ಟೆ ಮೊದಲು, ಆಮೇಲೆ ಎದೆ, ತಲೆ, ಕೊನೆಗೆ ಕೈಕಾಲು. ವೆಸೇಲಿಯಸ್ ಪೀಠದಿಂದ ಇಳಿದು ತಾನೇ ಕತ್ತಿ ಹಿಡಿದ. 1300 ವರ್ಷ ಪ್ರಮಾಣವಾಗಿದ್ದ ಪ್ರಾಚೀನ ಗ್ರೀಕ್ ವೈದ್ಯ ಗೇಲನ್ ಕೆಳದವಡೆ ಎರಡು ಮೂಳೆಯದು ಅಂದಿದ್ದ, ಎದೆಮೂಳೆಗೆ ಏಳು ತುಂಡು ಅಂದಿದ್ದ. ಮನುಷ್ಯನಲ್ಲಿ ದವಡೆ ಒಂದೇ, ಎದೆಮೂಳೆ ಮೂರು ಭಾಗ. ಗೇಲನ್ ಕೊಯ್ದದ್ದು ಮಂಗ ಮತ್ತಿತರ ಪ್ರಾಣಿಗಳನ್ನು ಎಂಬ ತೀರ್ಮಾನಕ್ಕೆ ವೆಸೇಲಿಯಸ್ ಬಂದ.

1543ರಲ್ಲಿ ಅವನ ಮಹಾಗ್ರಂಥ ಬಾಸೆಲ್ ನಗರದಲ್ಲಿ ಅಚ್ಚಾದಾಗ ವಯಸ್ಸು 28. ಚಿತ್ರದ ಮರದಚ್ಚುಗಳನ್ನು ಇಟಲಿಯಲ್ಲಿ ಕೆತ್ತಿಸಿ ಆಲ್ಪ್ಸ್ ದಾಟಿಸಿ ಕಳಿಸಿದ್ದ. ಪ್ರತಿ ಸ್ನಾಯುವಿಗೂ ಒಂದು ಅಕ್ಷರದ ಗುರುತು, ಆ ಅಕ್ಷರಕ್ಕೆ ಪಕ್ಕದಲ್ಲಿ ವಿವರಣೆ. ಹಾಗೆಂದು ಅವನೂ ಹಳೆಯದನ್ನು ಒಂದೇ ಏಟಿಗೆ ಕಳಚಿಕೊಳ್ಳಲಿಲ್ಲ. ಹೃದಯದ ನಡುಗೋಡೆಯಲ್ಲಿ ಕಾಣದ ತೂತುಗಳ ಮೂಲಕ ರಕ್ತ ಜಿನುಗುತ್ತದೆಂದು ಗೇಲನ್ ಹೇಳಿದ್ದ. ವೆಸೇಲಿಯಸ್ ಹುಡುಕಿದ, ಸಿಗಲಿಲ್ಲ. 1543ರಲ್ಲಿ ಸೃಷ್ಟಿಕರ್ತನ ಕೌಶಲಕ್ಕೆ ಬೆರಗಾದೆನೆಂದು ಬರೆದು ಜಾರಿಕೊಂಡ. 1555ರ ಪರಿಷ್ಕೃತ ಮುದ್ರಣದಲ್ಲಷ್ಟೇ ಸಂಶಯವನ್ನು ಬಾಯಿಬಿಟ್ಟು ಹೇಳಿದ. ರಕ್ತ ಸುತ್ತುತ್ತದೆಂದು 1628ರಲ್ಲಿ ತೋರಿಸಿದ ವಿಲಿಯಂ ಹಾರ್ವಿ ಓದಿದ್ದೂ ಪಾದುವಾದಲ್ಲೇ.

ಚಿತ್ರ ಬಲ್ಲ ಕಣ್ಣು ವಿಜ್ಞಾನಕ್ಕೆ ಏನು ಕೊಟ್ಟಿತು ಎಂದು ಕೇಳುವವರಿಗೆ 1609ನೇ ವರ್ಷ ತೋರಿಸುತ್ತೇನೆ. ಆ ಬೇಸಿಗೆಯಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಬರೆದ. ಗಣಿತದಲ್ಲಿ ಅಸಾಮಾನ್ಯ. ಅವನ ಚಿತ್ರದಲ್ಲಿ ಇರುವುದು ಕತ್ತಲು ಬೆಳಕಿನ ನಡುವಿನ ಒಂದು ಹರುಕು ಗೆರೆ, ಒಂದಷ್ಟು ಕಲೆ. ಕೆಲವು ತಿಂಗಳ ನಂತರ ಗೆಲಿಲಿಯೊ, ಇನ್ನೂ ಚೆನ್ನಾದ ಮಸೂರಗಳೊಡನೆ, ಅದೇ ಚಂದ್ರನನ್ನು ನೋಡಿ ಬೆಟ್ಟ ಮತ್ತು ಕಣಿವೆ ಕಂಡ. ಅವನಿಗೆ ಗಣಿತ ಕಲಿಸಿದ ಒಸ್ಟೀಲಿಯೊ ರಿಚ್ಚಿ ಚಿತ್ರಕಾರರಿಗೂ ಪಾಠ ಹೇಳುತ್ತಿದ್ದವನು. ಉಬ್ಬು ತಗ್ಗಿನ ಮೇಲೆ ನೆರಳು ಬೀಳುವ ಬಗೆಯನ್ನು ಫ್ಲಾರೆನ್ಸಿನ ಹುಡುಗರು ಕಾಗದದ ಮೇಲೆ ರೂಢಿಸಿಕೊಂಡಿದ್ದರು. ನೆರಳಿನ ಭಾಗದಲ್ಲಿ ಒಂಟಿಯಾಗಿ ಹೊಳೆಯುವ ಚುಕ್ಕಿ ಎಂದರೆ ಬಿಸಿಲು ಮೊದಲು ತಾಗಿದ ಶಿಖರ. ಅದು ಕತ್ತಲಿನ ಅಂಚಿನಿಂದ ಚಂದ್ರನ ವ್ಯಾಸದ ಇಪ್ಪತ್ತರಲ್ಲಿ ಒಂದು ಪಾಲು ದೂರವಿತ್ತು. ವ್ಯಾಸ 2000 ಮೈಲಿ ಎಂದಿಟ್ಟುಕೊಂಡರೆ ತ್ರಿಜ್ಯ 1000, ದೂರ 100. ಇವೆರಡರಿಂದಾಗುವ ಲಂಬಕೋನ ತ್ರಿಭುಜದ ದೊಡ್ಡ ಬಾಹು 1004ಕ್ಕಿಂತ ಹೆಚ್ಚು, ಅದರಲ್ಲಿ ತ್ರಿಜ್ಯ ಕಳೆದರೆ ಬೆಟ್ಟದ ಎತ್ತರ 4 ಮೈಲಿಗೆ ಮೇಲೆ. 1610ರ ಮಾರ್ಚಿನಲ್ಲಿ ಅದು ಪುಸ್ತಕವಾಯಿತು. ಆ ಪುಸ್ತಕ ಬಂದ ಮೇಲೆ ಹ್ಯಾರಿಯಟ್ ಬರೆದ ಚಂದ್ರನಲ್ಲೂ ಗುಳಿಗಳು ಮೂಡಿದವು.

ರಿಚ್ಚಿಯ ಬಳಿ ಕಲಿತ ಇನ್ನೊಬ್ಬ, ಗೆಲಿಲಿಯೊನ ಗೆಳೆಯ ಚಿಗೊಲಿ, ಆಗ ರೋಮಿನ ಸಾಂತಾ ಮರೀಯ ಮಜ್ಜೊರೆ ಚರ್ಚಿನ ಪೌಲೀನ್ ಪೂಜಾಮಂದಿರದ ಗುಮ್ಮಟಕ್ಕೆ ಹಸಿ ಗಾರೆಯ ಚಿತ್ರ ಬರೆಯುತ್ತಿದ್ದ. ಮೇರಿಯಮ್ಮನ ಕಾಲಡಿಯಲ್ಲಿ ಚಂದ್ರನನ್ನು ಬರೆಯುವುದು ಹಳೆಯ ಸಂಪ್ರದಾಯ, ಆ ಚಂದ್ರ ಕಲೆಯಿಲ್ಲದೆ ನುಣ್ಣಗಿರಬೇಕು. 1612ರಲ್ಲಿ ಮುಗಿದ ಆ ಗುಮ್ಮಟದಲ್ಲಿ ಅವಳು ನಿಂತಿರುವುದು ಹರುಕು ಅಂಚಿನ, ಗುಳಿಬಿದ್ದ ಚಂದ್ರನ ಮೇಲೆ. ಗುಮ್ಮಟ ತೀರ ಎತ್ತರ, ನೆಲದಿಂದ ಬರಿಗಣ್ಣಿಗೆ ಗುಳಿಗಳು ಸರಿಯಾಗಿ ಸಿಗುವುದಿಲ್ಲ. ನೋಡಲು ಹೋಗುವವರು ಒಂದು ದುರ್ಬೀನು ಒಯ್ಯುವುದು ಒಳ್ಳೆಯದು.